ಕಬ್ಬಿಣದ ಮೇಲಿದ್ದ ಊರು

ಇಂಗ್ಲಿಷಿನಲ್ಲಿ ನಾನು ಮೊದಲು ಕಲಿತ ಅಕ್ಷರ ಎ ಅಲ್ಲ, ಡಬ್ಲ್ಯು. ನಮ್ಮಪ್ಪ ನಿಟ್ಟೂರು ರೈಲ್ವೆ ಸ್ಟೇಷನ್ನಿನಲ್ಲಿ ಕ್ಯಾಬಿನ್‌ಮ್ಯಾನ್ ಆಗಿದ್ದರು. ಪ್ಲಾಟ್‌ಫಾರಮ್ಮಿನ ಒಂದು ತುದಿಯಾಚೆ, ಮೆಟ್ಟಿಲು ಹತ್ತಿ ಹೋಗಬೇಕಾದ ಎತ್ತರದ ಕೋಣೆಯೇ ಅವರ ಕ್ಯಾಬಿನ್ನು. ಅದರೊಳಗೆ ಎದೆಮಟ್ಟದ ಕಬ್ಬಿಣದ ಲಿವರುಗಳು ಸಾಲಾಗಿ ನಿಂತಿದ್ದವು. ಕೆಂಪು ಬಣ್ಣದ್ದನ್ನು ಎಳೆದರೆ ದೂರದಲ್ಲಿ ಸಿಗ್ನಲ್ಲಿನ ಕೈ ಇಳಿಯುತ್ತಿತ್ತು, ಕಪ್ಪನ್ನು ಎಳೆದರೆ ಹಳಿ ಪಕ್ಕಕ್ಕೆ ಸರಿಯುತ್ತಿತ್ತು, ನೀಲಿಯನ್ನು ಎಳೆದರೆ ಸರಿದ ಹಳಿಗೆ ಬೀಗ ಬೀಳುತ್ತಿತ್ತು. ಬಿಳಿ ಬಣ್ಣದ್ದೊಂದಿತ್ತು; ಅದಕ್ಕೆ ಯಾವ ತಂತಿಯೂ ಕಟ್ಟಿರಲಿಲ್ಲ, ಏನೂ ಕೆಲಸವಿರಲಿಲ್ಲ.

ಲಿವರುಗಳ ಬುಡದಲ್ಲಿದ್ದ ಅಡ್ಡಪಟ್ಟಿಯ ಮೇಲೆ ದಪ್ಪ ಅಕ್ಷರಗಳು ಎರಕದಲ್ಲೇ ಉಬ್ಬಿ ಬಂದಿದ್ದವು. ಕಂಪನಿಯ ಹೆಸರಿದ್ದ ಭಾಗ ಸವೆದುಹೋಗಿತ್ತು. ಉಳಿದದ್ದು ಊರಿನ ಹೆಸರು, ಅದರ ಕೆಳಗೆ ಇಂಗ್ಲೆಂಡ್ ಅಂತ. ಊರಿನ ಹೆಸರಿಗೆ ಒಂಬತ್ತು ಅಕ್ಷರ. ಅಪ್ಪ ಓದಿದ್ದು ನಾಲ್ಕನೆಯ ಕ್ಲಾಸು. ಸ್ಟೇಷನ್ ಮಾಸ್ತರರನ್ನು ಕೇಳಿ ಕಲಿತು, ಅದನ್ನು ‘ವರ್ಸೆಸ್ಟರ್’ ಅಂತ ಓದುತ್ತಿದ್ದರು. ತುಕ್ಕು ಹಿಡಿಯದಿರಲೆಂದು ವಾರಕ್ಕೊಮ್ಮೆ ಆ ಅಕ್ಷರಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನಾನು ಊಟದ ಡಬ್ಬಿ ಕೊಡಲು ಹೋದಾಗ ಎಣ್ಣೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಒಂದೊಂದು ಅಕ್ಷರ ಒರೆಸಿದ ಹಾಗೆಲ್ಲ ಅದರ ಹೆಸರು ಹೇಳಿಸುತ್ತಿದ್ದರು. ಗುಬ್ಬಿಯ ಶಾಲೆಗೆ ಸೇರಿದ ಮೇಲೆ, ಇಂಗ್ಲಿಷ್ ಅಕ್ಷರ ಯಾರಿಗೆ ಬರುತ್ತೆ ಅಂತ ಮೇಷ್ಟರು ಕೇಳಿದರು. ನಾನು ಕೈಯೆತ್ತಿ ನಿಂತು ಡಬ್ಲ್ಯು, ಓ, ಆರ್, ಸಿ ಎಂದು ಶುರುಮಾಡಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟರು ನಗಲಿಲ್ಲ, ಇದನ್ನೆಲ್ಲಿ ಕಲಿತೆ ಅಂತ ಕೇಳಿದರು.

ಅಕ್ಷರ ಒರೆಸಬಹುದಿತ್ತು, ಲಿವರು ಮಾತ್ರ ಮುಟ್ಟುವ ಹಾಗಿರಲಿಲ್ಲ. ನನಗೋ ಅದೊಂದೇ ಆಸೆ. ಆ ಬಿಳಿಯದನ್ನಾದರೂ ಎಳೆಯುತ್ತೇನೆ, ಅದರಿಂದ ಏನೂ ಆಗುವುದಿಲ್ಲವಲ್ಲ ಎಂದು ಎಷ್ಟೋ ಸಲ ಗೋಗರೆದಿದ್ದೆ. ಅಪ್ಪ ಬಗ್ಗಲಿಲ್ಲ. ಇವತ್ತು ಬಿಳಿಯದನ್ನು ಮುಟ್ಟಿದ ಕೈ ನಾಳೆ ಕೆಂಪಿನ ಹತ್ತಿರ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಅವರು ಎಳೆಯುವುದನ್ನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಕೈಗೊಂದು ಬಟ್ಟೆ. ಬೆವರು ತಾಗಿದರೆ ಹಿಡಿಕೆ ತುಕ್ಕು ಹಿಡಿಯುತ್ತದಂತೆ. ಆಮೇಲೆ ಒಂದು ಕಾಲು ಮುಂದಿಟ್ಟು ಊರಿ, ತೋಳಿನಿಂದಲ್ಲ, ಮೈ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನ ಕಾಲೇಜಿಗೆ ಸೇರಿದೆ. ದಿನಾ ನಿಟ್ಟೂರಿನಿಂದ ಪ್ಯಾಸೆಂಜರ್ ರೈಲು, ಕೈಯಲ್ಲಿ ಪಾಸು. ಒಬ್ಬಳೇ ಹೋಗುತ್ತಿದ್ದೆ ಎನ್ನುವ ಹಾಗಿಲ್ಲ. ಗುಬ್ಬಿಯವರೆಗೆ ಅಣ್ಣ ಬರುತ್ತಿದ್ದ. ಅಲ್ಲಿಂದ ಮುಂದಕ್ಕೆ ಅಪ್ಪನ ಪರಿಚಯದ ಯಾರಾದರೊಬ್ಬ ಗಾರ್ಡು ನಾನಿದ್ದ ಬೋಗಿಯತ್ತ ಒಂದು ಕಣ್ಣಿಟ್ಟಿರುತ್ತಿದ್ದರು. ಮುಂದೆ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದಾಗಲೂ ಚಿಕ್ಕಮ್ಮನ ಮನೆಯಲ್ಲೇ ಇದ್ದೆ; ಚಿಕ್ಕಮ್ಮನ ಮಗಳು ಸ್ಕೂಲಿನ ಗೇಟಿನವರೆಗೆ ಬಂದು ಬಿಟ್ಟುಹೋಗುತ್ತಿದ್ದಳು. ಇದರ ಬಗ್ಗೆ ನನಗೆ ತಕರಾರೇನೂ ಇರಲಿಲ್ಲ. ಹೆಣ್ಣುಮಕ್ಕಳು ನಡೆಯುವುದೇ ಹಾಗೆ ಅಂದುಕೊಂಡಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ, ಇಂಗ್ಲಿಷ್ ಕಲಿಸುವವರಿಗೆಂದು ಇದ್ದ ಒಂದು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದೆ. ನಮ್ಮ ಹೆಡ್‌ಮಿಸ್ಸು ಒತ್ತಾಯ ಮಾಡಿದ್ದಕ್ಕೆ ಹಾಕಿದ್ದು. ಸಿಗುತ್ತದೆಂದು ನಾನೂ ಅಂದುಕೊಂಡಿರಲಿಲ್ಲ, ಮನೆಯವರೂ ಅಂದುಕೊಂಡಿರಲಿಲ್ಲ. ಸಿಕ್ಕಿತು. ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ವರ್ಷದ ಓದು. ಅಮ್ಮ ಎರಡು ದಿನ ಅತ್ತರು. ಅಪ್ಪ ಆಗ ರಿಟೈರಾಗಿ ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಹೊರಡುವ ಹಿಂದಿನ ದಿನ ಅವರು ಹೇಳಿದ್ದು ಇಷ್ಟೇ: “ಆ ಊರು ಹತ್ರಕ್ಕಾದ್ರೆ ಒಂದ್ಸಲಿ ಹೋಗಿ ನೋಡ್ಕಂಡ್ ಬಾರವ್ವ. ಆ ಎರಕ ಉಯ್ದೋರು ಎಂಥಾ ಜನ ಅಂತ.”

ಯಾವ ಊರು ಎಂದು ನಾನು ಕೇಳಬೇಕಾಗಿರಲಿಲ್ಲ.

ಅಲ್ಲಿಗೆ ಹೋದ ಮೇಲೆ ಭೂಪಟ ಬಿಡಿಸಿ ನೋಡಿದರೆ, ಬರ್ಮಿಂಗ್‌ಹ್ಯಾಮಿನಿಂದ ಆ ಊರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ! ನನ್ನ ಹಾಸ್ಟೆಲ್ಲಿನಲ್ಲೇ ಶ್ರೀಲಂಕಾದ ಟೀಚರೊಬ್ಬರಿದ್ದರು. ಐವತ್ತರ ಹತ್ತಿರದ ಹೆಂಗಸು, ಕ್ರಿಶ್ಚಿಯನ್ನರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಆ ಊರಿನಲ್ಲಿ ದೊಡ್ಡ ಹಳೆಯ ಕಥೀಡ್ರಲ್ ಇದೆಯೆಂದು ಅವರಿಗೆ ಗೊತ್ತಿತ್ತು. ಅಕ್ಟೋಬರಿನ ಒಂದು ಶನಿವಾರ ಹೋಗಿ ಭಾನುವಾರ ಬರುವುದೆಂದು ಇಬ್ಬರೂ ನಿಶ್ಚಯಿಸಿದೆವು.

ಟಿಕೆಟ್ ಕೌಂಟರಿನಲ್ಲಿ ನಾನೇ ಮುಂದೆ ನಿಂತು, ವರ್ಸೆಸ್ಟರಿಗೆ ಎರಡು ಕೊಡಿ ಎಂದೆ. ಒಳಗಿದ್ದವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವನು ಬೇರೆ ಯಾವುದೋ ಎರಡು ಊರಿನ ಹೆಸರು ಹೇಳಿ, ಅದಾ ಇದಾ ಎಂದ. ಹಿಂದೆ ಜನ ಸಾಲುಗಟ್ಟಿದ್ದರು. ಕೊನೆಗೆ ಚೀಟಿಯ ಮೇಲೆ ಬರೆದು ತೋರಿಸಿದೆ. “ಓ, ವುಸ್ಟರ್” ಎಂದು ಅವನು ಟಿಕೆಟ್ ಒತ್ತಿ ಕೊಟ್ಟ. ಒಂಬತ್ತು ಅಕ್ಷರದಲ್ಲಿ ಅರ್ಧದಷ್ಟನ್ನು ಬಾಯಲ್ಲೇ ನುಂಗಿಬಿಟ್ಟಿದ್ದ. ಇಂಗ್ಲಿಷ್ ಟೀಚರಾದ ನನಗೆ ನಾಚಿಕೆಯಾಯಿತು. ಜೊತೆಗೇ ಇನ್ನೊಂದು ಯೋಚನೆಯೂ ಬಂತು: ಅಷ್ಟು ವರ್ಷ ಎಣ್ಣೆ ಹಚ್ಚಿದ ಊರಿನ ಹೆಸರೇ ನಮಗೆ ಗೊತ್ತಿರಲಿಲ್ಲ. ಇನ್ನು ಅಲ್ಲಿ ಏನೇನು ಬೇರೆಯಾಗಿದೆಯೋ.

ಊರು ಸಣ್ಣದು, ನಮ್ಮ ತುಮಕೂರಿನಷ್ಟೇ ಇರಬಹುದು ಅನ್ನಿಸಿತು. ಹಳೆಯ ಬೀದಿಯೊಂದರಲ್ಲಿ ಕರಿಮರದ ತೊಲೆಗಳ ನಡುವೆ ಬಿಳಿ ಗಾರೆ ಮೆತ್ತಿದ ಮನೆಗಳಿದ್ದವು. ಅವುಗಳ ಮೇಲಂತಸ್ತು ಬೀದಿಯ ಮೇಲೆ ಮುಂದಕ್ಕೆ ಚಾಚಿಕೊಂಡಿತ್ತು, ಎದುರುಮನೆಯವರಿಗೆ ಗುಟ್ಟು ಹೇಳಲು ಬಗ್ಗಿದ ಹಾಗೆ. ನಾನು ಒಂದು ತೊಲೆಯ ಮೇಲೆ ಕೈಯಿಟ್ಟು ನಿಂತೆ. ಇದು ಯಾವ ಮರ, ಇದಕ್ಕೆ ಗೆದ್ದಲು ಯಾಕೆ ಹಿಡಿಯಲಿಲ್ಲ ಎನ್ನುವ ಪ್ರಶ್ನೆ ಬಿಡಲಿಲ್ಲ. ಅಲ್ಲೇ ಇದ್ದ ಅಂಗಡಿಯೊಳಕ್ಕೆ ಹೋಗಿ ಕೇಳಿಯೇಬಿಟ್ಟೆ. ಅಂಗಡಿಯಾಕೆ ಓಕ್ ಮರ ಎಂದಳು. ಗೆದ್ದಲು ಎಂದರೇನು ಎಂದು ಅವಳೇ ನನ್ನನ್ನು ಕೇಳಿದಳು. ಹುತ್ತ, ಗೆದ್ದಲು, ತಿಂದುಹೋದ ಬಾಗಿಲ ಚೌಕಟ್ಟು ಎಲ್ಲವನ್ನೂ ವಿವರಿಸುವ ಹೊತ್ತಿಗೆ ಅಕ್ಕ ಹೊರಗೆ ಗಡಿಯಾರ ನೋಡುತ್ತಿದ್ದರು.

ಕಥೀಡ್ರಲ್ಲಿನ ಒಳಗೆ ಒಬ್ಬ ರಾಜನ ಸಮಾಧಿಯಿತ್ತು. ಕಲ್ಲಿನ ರಾಜ ಕಿರೀಟ ಇಟ್ಟುಕೊಂಡೇ ಅಂಗಾತ ಮಲಗಿದ್ದ, ಪಾದದ ಹತ್ತಿರ ಸಿಂಹ. ಜನರೆಲ್ಲ ಅದರ ಸುತ್ತ ನಿಂತಿದ್ದರು. ನನ್ನನ್ನು ಹಿಡಿದದ್ದು ಬೇರೆ. ಹಾಡುವವರು ಕೂರುವ ಜಾಗದಲ್ಲಿ ಮರದ ಸಾಲುಕುರ್ಚಿಗಳಿದ್ದವು. ಅವುಗಳ ಹಲಗೆಯನ್ನು ಮೇಲಕ್ಕೆ ಮಡಚಬಹುದು. ಒಂದು ಹಲಗೆ ಮಡಚಿಕೊಂಡಿತ್ತು, ಅದರ ಅಡಿಯಲ್ಲಿ ಏನೋ ಕೆತ್ತಿದ ಹಾಗೆ ಕಂಡಿತು. ಸೀರೆಯ ನೆರಿಗೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದೆ. ಪೈರು ಕೊಯ್ಯುತ್ತಿರುವ ಆಳುಗಳು! ಅಕ್ಕ ಮುಜುಗರದಿಂದ ನನ್ನ ಭುಜ ತಟ್ಟಿ ಏಳಿಸಲು ನೋಡಿದರು. ಅಷ್ಟರಲ್ಲಿ ಕಪ್ಪು ನಿಲುವಂಗಿಯ ಮುದುಕರೊಬ್ಬರು ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಒಂದೊಂದೇ ಹಲಗೆಯನ್ನು ಮೆಲ್ಲಗೆ ಎತ್ತಿ ತೋರಿಸಿದರು. ನೇಗಿಲು ಹೊಡೆಯುವವನು, ಹುಲ್ಲು ಕೊಯ್ಯುವ ಮೂವರು, ಹಂದಿಗಳಿಗೆ ಮರದ ಕಾಯಿ ಬಡಿದು ಕೆಡವುವವನು. ಪೂಜೆಯ ಹೊತ್ತಿನಲ್ಲಿ ಇವುಗಳ ಮೇಲೆಯೇ ಕೂರುತ್ತಾರಂತೆ. ನಮ್ಮ ಗೂಳೂರು ಕಡೆಯ ಗುಡಿಗಳಲ್ಲಿ ಕೆತ್ತನೆ ಇರುವುದು ಎದುರಿಗೆ, ಎಲ್ಲರ ಕಣ್ಣಿಗೆ ಬೀಳಲೆಂದು. ಕಾಣದ ಕಡೆ ಇಷ್ಟು ಕಷ್ಟಪಟ್ಟು ಯಾಕೆ ಕೆತ್ತಿದರು ಎಂದು ಮುದುಕರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ತಮಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಅಷ್ಟು ನಿರಾಳವಾಗಿ ಹೇಳಿದ್ದು ನನಗೆ ಹಿಡಿಸಿತು.

ಸಂಜೆ ನದಿಯ ದಂಡೆಯಲ್ಲಿ ಹಂಸಗಳ ಹಿಂಡು ನೋಡಿ, ರೂಮು ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿನ ಮನೆಯಲ್ಲಿ ಉಳಿದೆವು. ಬೆಳಗಿನ ತಿಂಡಿಗೆ ತಟ್ಟೆಯಲ್ಲಿ ಬಂದ ಮೊಟ್ಟೆ ಮಾಂಸ ನಾನು ತಿನ್ನುವುದಿಲ್ಲ ಎಂದಾಗ ಆಕೆ ಕಂಗಾಲಾದಳು. ನಾನು ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಬ್ರೆಡ್ಡಿಗೆ ಉದುರಿಸಿಕೊಂಡೆ. ಆಕೆಯೂ ಒಂಚೂರು ರುಚಿ ನೋಡಿ, ಎರಡು ಲೋಟ ನೀರು ಕುಡಿದಳು.

ಭಾನುವಾರ ಬೆಳಿಗ್ಗೆ ಊರಿಡೀ ಗಂಟೆ. ಅಕ್ಕ ಕಥೀಡ್ರಲ್ಲಿನ ಪೂಜೆಗೆ ಹೋಗಬೇಕೆಂದರು. ನಾನೂ ಬರುತ್ತೇನೆಂದು ಅವರೇ ಅಂದುಕೊಂಡಿದ್ದರು. ಅಪ್ಪನ ಲಿವರು ಮಾಡಿದ ಫ್ಯಾಕ್ಟರಿ ಹುಡುಕಬೇಕು ಅಂದೆ. ಒಬ್ಬಳೇನಾ ಎಂದರು. ಹೌದು ಎಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮಧ್ಯಾಹ್ನ ಒಂದು ಗಂಟೆಗೆ ಸ್ಟೇಷನ್ನಿನಲ್ಲಿ ಸೇರುವುದೆಂದು ಮಾತಾಯಿತು.

ಮೊದಲ ಅರ್ಧ ಮೈಲಿ ನಾನು ಊರು ನೋಡಲೇ ಇಲ್ಲ. ಹೆಜ್ಜೆಗೊಮ್ಮೆ ಹಿಂದೆ ತಿರುಗಿ, ಜೊತೆಗೆ ಬರಬೇಕಾದವರು ಎಲ್ಲಿ ಉಳಿದರೋ ಎಂಬಂತೆ ನೋಡುತ್ತಿದ್ದೆ. ಅಂಗಡಿಗಳೆಲ್ಲ ಮುಚ್ಚಿದ್ದವು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಪೇಪರ್ ಮಾರುವ ಒಂದು ಅಂಗಡಿ ಮಾತ್ರ ತೆರೆದಿತ್ತು. ರೈಲ್ವೆ ಸಾಮಾನು ಮಾಡುತ್ತಿದ್ದ ಹಳೆಯ ಕಾರ್ಖಾನೆ ಎಲ್ಲಿ ಎಂದು ಕೇಳಿದ್ದಕ್ಕೆ ಅಂಗಡಿಯವನು ಗುಡ್ಡದ ಕಡೆಗೆ ಕೈತೋರಿಸಿದ, ಕಾಲುವೆ ದಾಟಬೇಕು ಎಂದ. ಕಾಲುವೆಯ ದಂಡೆಗೆ ಇಳಿದೆ. ಅಲ್ಲಿ ತಪ್ಪು ಕಡೆಗೆ ತಿರುಗಿದೆ ಅಂತ ಕಾಣುತ್ತದೆ. ಆದರೆ ಅದರಿಂದಲೇ ಒಂದು ಹೊಸದು ಸಿಕ್ಕಿತು. ಉದ್ದನೆಯ ದೋಣಿಯೊಂದು ಎರಡು ಮರದ ಬಾಗಿಲುಗಳ ನಡುವೆ ಸಿಕ್ಕಿಕೊಂಡಂತೆ ನಿಂತಿತ್ತು. ಒಳಕ್ಕೆ ನೀರು ನುಗ್ಗುತ್ತಿದ್ದ ಹಾಗೆ ದೋಣಿ ನೋಡನೋಡುತ್ತ ಮೇಲೇರಿ, ಅದರಲ್ಲಿದ್ದ ಗಂಡಸಿನ ಮುಖ ನನ್ನ ಮೊಣಕಾಲಿನ ಮಟ್ಟಕ್ಕೆ ಬಂತು, ಆಮೇಲೆ ಸೊಂಟದ ಮಟ್ಟಕ್ಕೆ. ಅವನು ಗುಡ್ ಮಾರ್ನಿಂಗ್ ಎಂದ. ನಾನೂ ಎಂದೆ. ನೀರು ಗುಡ್ಡ ಹತ್ತುವುದನ್ನು ನಾನು ನೋಡಿದ್ದು ಅದೇ ಮೊದಲು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಿಂದೆ ತಿರುಗಿ ನೋಡುವುದನ್ನು ಯಾವಾಗ ಬಿಟ್ಟೆನೋ, ಅದೂ ತಿಳಿಯಲಿಲ್ಲ.

ದಾರಿ ಸರಿಮಾಡಿಕೊಂಡು ಹೋದರೆ ಉದ್ದನೆಯ ಇಟ್ಟಿಗೆ ಕಟ್ಟಡ ಸಿಕ್ಕಿತು. ಕಿಟಕಿಯ ಗಾಜು ಒಡೆದಿತ್ತು. ಅರ್ಧ ಭಾಗ ಯಾರದೋ ಗೋಡೌನು, ಉಳಿದರ್ಧ ಖಾಲಿ. ಗೋಡೆಯ ಪೂರಾ ಉದ್ದಕ್ಕೂ ನಡೆದು, ಎಲ್ಲಾದರೂ ಒಂದು ಅಕ್ಷರ ಉಳಿದಿದೆಯೇ ನೋಡಿದೆ. ಇರಲಿಲ್ಲ. ಇದೇ ಕಟ್ಟಡ ಹೌದೋ ಅಲ್ಲವೋ ಎಂದು ಹೇಳುವವರೂ ಇಲ್ಲ. ಗೋಡೆಯಾಚೆ ತರಕಾರಿ ಮಡಿಗಳಿದ್ದವು. ಮುದುಕನೊಬ್ಬ ಮಂಡಿಯೂರಿ ಆಲೂಗಡ್ಡೆ ಅಗೆಯುತ್ತಿದ್ದ. ಬೇಲಿಯ ಈಚೆಯಿಂದಲೇ ಕೇಳಿದೆ. ಹೌದು, ಇದೇ ಎಂದ. ಅವನಿನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಮುಚ್ಚಿತಂತೆ. ಅವನ ಅಪ್ಪ, ಎರಡು ಮನೆಯಾಚೆಯವರು, ಬೀದಿಯ ಅರ್ಧ ಗಂಡಸರು ಅಲ್ಲೇ ಕೆಲಸಕ್ಕಿದ್ದವರು. ಅಪ್ಪನದು ಪ್ಯಾಕಿಂಗು, ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು.

ನನಗೇಕೆ ಅದೆಲ್ಲ ಬೇಕು ಎಂದು ಅವನು ಕೇಳಿದ. ಹೇಳಿದೆ. ನಿಟ್ಟೂರು, ಕ್ಯಾಬಿನ್ನು, ಅಪ್ಪ, ಕೊಬ್ಬರಿ ಎಣ್ಣೆ. ಅವನು ಸಲಿಕೆಯನ್ನು ಮಣ್ಣಿಗೆ ಚುಚ್ಚಿ ಎದ್ದು ನಿಂತ.

“ಪರದೇಶಕ್ಕೆ ಹೋಗುತ್ತೆ ಅಂತ ಅಪ್ಪ ಹೇಳ್ತಿದ್ದ. ಯಾವ ಪರದೇಶ ಅಂತ ಅವನಿಗೂ ಗೊತ್ತಿರಲಿಲ್ಲ” ಎಂದ. ಆಮೇಲೆ, “ಈಗಲೂ ಕೆಲಸ ಮಾಡುತ್ತಾ ಅದು?” ಎಂದು ಕೇಳಿದ.

ನಾನು ಬರುವವರೆಗೂ ಮಾಡುತ್ತಿತ್ತು ಎಂದೆ. ಆ ಊರಿನ ಹೆಸರು ಇನ್ನೊಮ್ಮೆ ಹೇಳು ಎಂದ. ಅವನ ಬಾಯಲ್ಲಿ ನಿಟ್ಟೂರು ನಿಟರ್ ಆಯಿತು. ಟಿಕೆಟ್ ಕೌಂಟರಿನವನು ನನ್ನನ್ನು ತಿದ್ದಿದಂತೆ ನಾನು ಇವನನ್ನು ತಿದ್ದಲು ಹೋದೆ. ನಾಲ್ಕು ಸಲ ಪ್ರಯತ್ನಿಸಿದ, ಆಗಲಿಲ್ಲ, ಇಬ್ಬರೂ ನಕ್ಕೆವು.

ಅವನಿಗೆ ಆಮೇಲೆ ಏನನ್ನಿಸಿತೋ, ಕೈ ಒರೆಸಿಕೊಂಡು ಬಾ ಎಂದ. ಹಳಿಯ ಪಕ್ಕದಲ್ಲಿ ಸ್ವಲ್ಪ ದೂರ ನಡೆದರೆ ಒಂದು ಕ್ಯಾಬಿನ್ನು. ಎತ್ತರದ ಕೋಣೆ, ಮರದ ಮೆಟ್ಟಿಲು, ಸುತ್ತ ಗಾಜಿನ ಕಿಟಕಿ. ಡ್ಯೂಟಿಯಲ್ಲಿದ್ದವನು ಮುದುಕನ ಪರಿಚಯದವನೇ. ಮುದುಕ ಕೆಳಗಿನಿಂದ ಕೂಗಿ ನನ್ನ ಕಥೆಯನ್ನೆಲ್ಲ ತಾನೇ ಹೇಳಿದ, ನಾನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದ ಮಾಡಿ. ಇನ್ನು ಅರ್ಧ ಗಂಟೆ ಯಾವ ಗಾಡಿಯೂ ಇಲ್ಲ, ಮೇಲೆ ಬಂದು ನೋಡಬಹುದು ಎಂದು ಅಪ್ಪಣೆಯಾಯಿತು.

ಬಾಗಿಲು ದಾಟಿದ್ದೇ ಮೂಗಿಗೆ ಎಣ್ಣೆ, ಕಬ್ಬಿಣ, ಟೀ ಸೇರಿದ ವಾಸನೆ ಬಡಿಯಿತು. ಕೊಬ್ಬರಿ ಎಣ್ಣೆಯೊಂದು ಬಿಟ್ಟರೆ ಅದೇ ವಾಸನೆ. ಲಿವರುಗಳು ನಮ್ಮ ಕಂಪನಿಯವಲ್ಲ, ಬೇರೆಯವರು ಮಾಡಿದ್ದು. ಬಣ್ಣ ಮಾತ್ರ ಅವೇ: ಕೆಂಪು, ಕಪ್ಪು, ನೀಲಿ. ಕೊನೆಯಲ್ಲಿ ಎರಡು ಬಿಳಿ. ಡ್ಯೂಟಿಯವನು ಪ್ರತಿಯೊಂದನ್ನೂ ವಿವರಿಸಲು ಶುರುಮಾಡಿದ. ನಾನು ಅವನಿಗಿಂತ ಮುಂಚೆಯೇ ಇದು ಸಿಗ್ನಲ್ಲು, ಇದು ಹಳಿ ಸರಿಸುವ ಪಾಯಿಂಟು, ಇದು ಬೀಗ ಎನ್ನುತ್ತ ಹೋದೆ. ಅವನು ವಿವರಣೆ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಬಿಳಿಯ ಲಿವರೊಂದನ್ನು ತೋರಿಸಿ, ಇದಕ್ಕೆ ಏನೂ ಕಟ್ಟಿಲ್ಲ, ಬೇಕಾದರೆ ಎಳೆದು ನೋಡು ಎಂದ.

ನಾನು ಇಪ್ಪತ್ತೇಳು ವರ್ಷದ ಹೆಂಗಸು, ಒಂದು ಸ್ಕೂಲಿನ ಟೀಚರು; ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಪಕ್ಕದ ಕಂಬಿಯ ಮೇಲಿದ್ದ ಬಟ್ಟೆಯನ್ನು ತೆಗೆದುಕೊಂಡು ಹಿಡಿಕೆಗೆ ಸುತ್ತಿದೆ. ಸೆರಗು ಸಿಕ್ಕಿಸಿದೆ, ಎಡಗಾಲು ಮುಂದಿಟ್ಟು ಊರಿದೆ, ಮೈ ಹಿಂದಕ್ಕೆ ಬಿಟ್ಟೆ. ಲಿವರು ಭಾರವೇ ಇರಲಿಲ್ಲ. ತಂತಿಯಿಲ್ಲದ್ದು, ಸಲೀಸಾಗಿ ಬಂದುಬಿಟ್ಟಿತು. ನಾನು ನಮ್ಮಪ್ಪನಷ್ಟು ಬಲ ಹಾಕಿದ್ದೆ. ಹಿಂದಿದ್ದ ಕುರ್ಚಿಯ ಮೇಲೆ ಧೊಪ್ಪೆಂದು ಕೂತೆ. ಮುದುಕ ಬಿದ್ದು ಬಿದ್ದು ನಕ್ಕ. ಡ್ಯೂಟಿಯವನು ನಗಲಿಲ್ಲ. “ಬಟ್ಟೆ ತಗೊಳ್ಳೋದನ್ನ ಯಾರು ಹೇಳಿಕೊಟ್ಟರು?” ಎಂದ. ಅಪ್ಪ ಎಂದೆ. ಹೊಸದಾಗಿ ಸೇರುವವರಿಗೆ ಅದೊಂದನ್ನು ಕಲಿಸಲು ವರ್ಷಗಟ್ಟಲೆ ಹಿಡಿಯುತ್ತೆ ಎಂದ. ಮೂವರೂ ಟೀ ಕುಡಿದೆವು.

ಸ್ಟೇಷನ್ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಅಕ್ಕ ಬೆಂಚಿನ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದರು, ಮತ್ತೆ ಕೂತರು. ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂದು ಸ್ಟೇಷನ್ನಿನವರಿಗೆ ನನ್ನ ಸೀರೆಯ ಬಣ್ಣವನ್ನೂ ಹೇಳಿಬಿಟ್ಟಿದ್ದರು. ರೈಲಿನಲ್ಲಿ ಅರ್ಧ ದಾರಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದರು. ತಪ್ಪು ನನ್ನದೇ, ಕ್ಷಮಿಸಿ ಎಂದೆ. ಆಮೇಲೆ, ಬ್ಯಾಗಿನಲ್ಲಿ ಏನದು ಮಣ್ಣು ಮಣ್ಣಾಗಿರುವುದು ಎಂದು ಅವರೇ ಕೇಳಿದರು. ಮುದುಕ ಕೊಟ್ಟ ಆಲೂಗಡ್ಡೆ. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಅವನ್ನೇ ಪಲ್ಯ ಮಾಡಿ ಇಬ್ಬರೂ ತಿಂದೆವು, ಸಿಟ್ಟು ಕರಗಿತು.

ಅಪ್ಪನಿಗೆ ಆ ವಾರವೇ ಕಾಗದ ಬರೆದಿದ್ದೆ. ಆದರೂ ಮುಂದಿನ ವರ್ಷ ಊರಿಗೆ ಬಂದಾಗ, ಎಲ್ಲವನ್ನೂ ಬಾಯಲ್ಲಿ ಹೇಳಿಸಿಕೊಂಡರು. ಬಿಳಿ ಲಿವರಿನ ವಿಷಯ ಕೇಳಿ, “ಎಳ್ದೇಬುಟ್ಯಾ” ಎಂದು ಸಣ್ಣಗೆ ನಕ್ಕರು. ಕಾರ್ಖಾನೆ ಮುಚ್ಚಿದ್ದು ಯಾವಾಗ ಎಂದು ಕೇಳಿದರು. ಅವರು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮುಂಚೆ ಎಂದೆ. ಅದು ಅವರಿಗೆ ಬಹಳ ಹೊತ್ತು ನುಂಗಲಾರದ ಮಾತಾಯಿತು. ಎಲೆ ಅಡಿಕೆ ತಟ್ಟೆಯನ್ನು ಎಳೆದುಕೊಂಡು ಒಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

“ಅಲ್ಲಿಂದ ಯಾರಾನ ಒಬ್ರು ಬಂದು ನೋಡ್ಕಂಡ್ ಹೋಗ್ಲಿ ಅಂತಿದ್ದೆ ಕಣವ್ವ” ಎಂದರು ಕೊನೆಗೆ. “ಸಂದಾಗಿ ಮಡಿಕ್ಕಂಡಿದ್ದೆ.”

ಆ ಮುದುಕನ ವಿಳಾಸವನ್ನು ನಾನು ಬರೆದಿಟ್ಟುಕೊಂಡಿದ್ದೆ. ಅಪ್ಪ ಒಂದು ಕಾಗದ ಹೇಳಿ ಬರೆಸಿದರು. ಅವನ ತಂದೆ ಪೆಟ್ಟಿಗೆಗೆ ಭದ್ರವಾಗಿ ಮೊಳೆ ಹೊಡೆದಿದ್ದರಿಂದ ಸಾಮಾನು ಒಂದು ಚೂರೂ ಮುಕ್ಕಾಗದೆ ಬಂದು ತಲುಪಿದೆ ಎಂದು ಅದರಲ್ಲಿತ್ತು. ಅದು ನಮ್ಮಪ್ಪನಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ, ಹೇಳಿದ್ದನ್ನು ಇಂಗ್ಲಿಷಿಗೆ ಹಾಕಿದೆ. ಡಿಸೆಂಬರಿನಲ್ಲಿ ಕಥೀಡ್ರಲ್ಲಿನ ಚಿತ್ರವಿದ್ದ ಕಾರ್ಡು ಬಂತು. ಅದು ಬಹಳ ವರ್ಷ ಗೋಡೆಯ ಮೇಲಿತ್ತು.

ನಾನು ಮತ್ತೆ ಕುಣಿಗಲ್ಲಿನ ಸ್ಕೂಲಿಗೆ ಸೇರಿಕೊಂಡೆ. ಆ ಊರಿನಲ್ಲಿ ಅದಕ್ಕೂ ಮುಂಚೆ ಮೂರು ವರ್ಷ ಇದ್ದವಳು. ಚಿಕ್ಕಮ್ಮನ ಮನೆಯಿಂದ ಸ್ಕೂಲಿಗೆ ಹೋಗುವ ರಸ್ತೆ, ಬಸ್‌ಸ್ಟ್ಯಾಂಡು, ಒಂದು ಬಟ್ಟೆಯಂಗಡಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಸೇರಿದ ಮೊದಲ ಶನಿವಾರ, ಅರ್ಧ ದಿನದ ಸ್ಕೂಲು ಮುಗಿದ ಮೇಲೆ, ಕರೆದುಕೊಂಡು ಹೋಗಲು ಬಂದ ಚಿಕ್ಕಮ್ಮನ ಮಗಳ ಕೈಗೆ ಪುಸ್ತಕದ ಚೀಲ ಕೊಟ್ಟು, ನೀನು ಮನೆಗೆ ಹೋಗು, ನಾನು ಆಮೇಲೆ ಬರ್ತೀನಿ ಎಂದೆ. ಕೋಟೆಯ ಕಡೆಯ ಓಣಿಗಳಲ್ಲಿ ಸುತ್ತಿದೆ. ಹಳೆಯ ಗುಡಿಯ ಹಿಂಗೋಡೆಯ ಬುಡದಲ್ಲಿ ಏನೋ ಕೆತ್ತಿದಂತೆ ಕಂಡು ಬಗ್ಗಿ ನೋಡುತ್ತಿದ್ದಾಗ, ಎದುರುಮನೆಯ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸು ಕೇಳಿದಳು.

“ಏನ್ ಮೇಡಮ್ಮೋರೆ, ಏನಾದ್ರೂ ಬಿದ್ದೋಯ್ತಾ?”

ಏನೂ ಬಿದ್ದಿಲ್ಲ, ಊರು ನೋಡ್ತಿದೀನಿ ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಮಡಿಲಿನ ಹುಣಸೆಬೀಜ ಕೊಡವಿ ಎದ್ದು, ಗುಡಿಯ ಆ ಕಡೆಗೂ ಒಂದು ಕಲ್ಲಿದೆ, ಪೊದೆ ಬೆಳೆದು ಮುಚ್ಚಿಕೊಂಡಿದೆ, ಅದರಲ್ಲಿ ಕುದುರೆ ಇದೆಯೋ ಆನೆ ಇದೆಯೋ ಎಂದು ತನಗೂ ತನ್ನ ಅತ್ತೆಗೂ ಯಾವಾಗಲೂ ಜಗಳ, ಬಂದು ನೋಡಿ ಹೇಳಿ ಎಂದು ಕುಡುಗೋಲು ತರಲು ಒಳಗೆ ಹೋದಳು.